ನೂರು ಅಂದ್ರಲ್ಲ, ಎಷ್ಟು ಕೊಟ್ರಿ?

ಇವತ್ತು ರಾಜಕೀಯ ಬೇಡ. ಇವತ್ತು ತೂಕ ಮತ್ತು ಅಳತೆಯ ಬಗ್ಗೆ ಮಾತಾಡೋಣ.

ಪೆಟ್ರೋಲ್ ಬಂಕಿಗೆ ಹೋಗ್ತೀರಿ. ಅಳತೆಯ ಮೇಲೆ ಅನುಮಾನ ಬಂತು ಅಂದ್ರೆ ಐದು ಲೀಟರಿನ ಕ್ಯಾನ್ ತರಿಸಿ ಅಳೆಸಿ ನೋಡುವ ಹಕ್ಕು ನಿಮಗಿದೆ. ಆ ಕ್ಯಾನಿನ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತೆ. ಕಿರಾಣಿ ಅಂಗಡಿಯ ತಕ್ಕಡಿಗೂ ಮುದ್ರೆ ಬೇಕು, ಮೀನು ಮಾರ್ಕೆಟ್ಟಿನ ತಕ್ಕಡಿಗೂ ಬೇಕು. ಒಂದು ಕೆಜಿ ಬಂಗಡೆಯಲ್ಲಿ ನೂರು ಗ್ರಾಂ ಕಡಿಮೆ ಬಂದ್ರೆ ನಾವು ಅಲ್ಲೇ ನಿಂತು ಜಗಳ ಮಾಡ್ತೀವಿ. ಆದ್ರೆ ಪ್ರತಿ ತಿಂಗಳು ಐನೂರು, ಏಳುನೂರು, ಸಾವಿರ ರೂಪಾಯಿ ಕೊಟ್ಟು ಒಂದು ವಸ್ತು ತಗೋತಾ ಇದ್ದೀವಿ. ಅದನ್ನ ಮಾತ್ರ ಅಳೆಯೋದೇ ಇಲ್ಲ. ಆ ವಸ್ತು ಇಂಟರ್ನೆಟ್.

"ನೂರು ಎಂಬಿಪಿಎಸ್" ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕ್ತಾರೆ. ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರ. ಆ ನಕ್ಷತ್ರದ ಬೆನ್ನು ಹತ್ತಿ ಕೆಳಗೆ ಬಂದ್ರೆ ಇನ್ನೂ ಸಣ್ಣ ಅಕ್ಷರದಲ್ಲಿ "ವರೆಗೆ" ಅಂತ ಬರೆದಿರುತ್ತೆ. ನೂರು ಅಲ್ಲ, ನೂರರವರೆಗೆ. ಐದು ಕೊಟ್ಟರೂ ಅದು ನೂರರ ಒಳಗೇ ಬಂತಲ್ಲ!

ಕೆಲವು ತಿಂಗಳ ಹಿಂದೆ ಹಳದೀಪುರದಿಂದ ಒಬ್ಬ ತಾಯಿ ನಮಗೆ ಪತ್ರ ಬರೆದಿದ್ದರು. ಹಳದೀಪುರ ಗೊತ್ತಲ್ಲ, ಹೊನ್ನಾವರದಿಂದ ಕುಮಟಾ ಕಡೆ ಹೋಗುವಾಗ ಹೆದ್ದಾರಿ 66ರಲ್ಲಿ ಸಿಗುವ ಊರು. ಅವರ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದರು. ಆಮೇಲೆ ತಂದೆಗೆ ಲಕ್ವ ಹೊಡೆಯಿತು. ಮಗ ಊರಲ್ಲೇ ಉಳಿದರು, ಕೆಲಸವನ್ನೂ ಅಲ್ಲಿಂದಲೇ ಮಾಡಿಕೊಂಡು ಬಂದರು. ಕಂಪನಿಯ ಗ್ರಾಹಕರು ಇರೋದು ಅಮೆರಿಕದಲ್ಲಿ, ಹಾಗಾಗಿ ಮೀಟಿಂಗುಗಳೆಲ್ಲ ರಾತ್ರಿ ಎಂಟರಿಂದ ಹತ್ತರ ನಡುವೆ. ಅದೇ ಹೊತ್ತಿಗೆ ಮಾತು ತುಂಡಾಗುತ್ತೆ, ಮುಖ ಕಲ್ಲಾಗುತ್ತೆ. ಕೊನೆಗೆ ಮ್ಯಾನೇಜರ್ ಹೇಳಿದ್ರಂತೆ: ಒಂದೋ ನೆಟ್ ಸರಿ ಮಾಡಿಕೊಳ್ಳಿ, ಇಲ್ಲಾ ಬೆಂಗಳೂರಿಗೆ ಬನ್ನಿ.

ಆ ತಾಯಿ ಬರೆದದ್ದು ಇಷ್ಟು: "ತಮ್ಮಾ, ಟೀವಿಯಲ್ಲಿ ಕೂತು ಮಂತ್ರಿಗಳನ್ನೆಲ್ಲ ಪ್ರಶ್ನೆ ಮಾಡ್ತೀರಿ. ಈ ನೆಟ್ಟಿನವರನ್ನ ಯಾಕೆ ಕೇಳೂದಿಲ್ಲ? ಅವರು ನಿಮ್ಮ ವೈಫೈ ಸರಿ ಇಲ್ಲ ಹೇಳ್ತಾರೆ. ಮಗ ಅವರ ಲೈನು ಸರಿ ಇಲ್ಲ ಹೇಳ್ತಾನೆ. ಯಾರು ಹೇಳೂದು ಖರೆ? ಅವನು ಹೋದ್ರೆ ಇವರನ್ನ ಎತ್ತಿ ಕೂರಿಸುವವರು ಯಾರು?"

ನೋಡಿ, ಪ್ರಶ್ನೆ ಎಲ್ಲಿಂದ ಎಲ್ಲಿಗೆ ಬಂತು. ಇದು ಸಿನಿಮಾ ನಿಂತುನಿಂತು ಓಡೋ ಸಮಸ್ಯೆ ಅಲ್ಲ. ಹಾಸಿಗೆ ಹಿಡಿದ ತಂದೆಯ ಪಕ್ಕದಲ್ಲಿ ಮಗ ಇರ್ತಾನೋ ಇಲ್ವೋ ಅನ್ನೋ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದ್ರೆ ಮೊದಲು ಅಳೆಯಬೇಕು. ಸರಿಯಾಗಿ ಅಳೆಯಬೇಕು. ನಮ್ಮ ಚಾನೆಲ್ಲಿನ ತಾಂತ್ರಿಕ ವಿಭಾಗದ ಗೆಳೆಯರನ್ನ ಕೂರಿಸಿಕೊಂಡು ಕೇಳಿದೆ. ಅವರು ಹೇಳಿಕೊಟ್ಟದ್ದನ್ನ ಆ ಮನೆಯವರಿಗೂ ಹೇಳಿದೆ, ಇವತ್ತು ನಿಮಗೂ ಹೇಳ್ತೀನಿ.

ಮೊದಲ ಗೊಂದಲ: ಬಿಟ್ಟೋ, ಬೈಟೋ?

ಪ್ಲಾನಿನಲ್ಲಿ ಬರೆಯುವ ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ನೀವು ಫೈಲ್ ಇಳಿಸಿಕೊಳ್ಳುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸೋದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದ್ರೆ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಬರೋದು ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಒಂದೂವರೆ ಜಿಬಿಯ ಸಿನಿಮಾ ಇಳಿಯೋಕೆ ಲೆಕ್ಕದ ಪ್ರಕಾರವೇ ಎರಡು ನಿಮಿಷ ಬೇಕು. "ನೂರು ಅಂದವರು ಹನ್ನೆರಡು ಕೊಡ್ತಿದ್ದಾರೆ" ಅಂತ ಜಗಳಕ್ಕೆ ಹೋಗುವವರು ಮೊದಲು ಎಂಟರಿಂದ ಗುಣಿಸಿ ನೋಡಿ. ಇಲ್ಲಿ ಮೋಸ ಇಲ್ಲ, ಮೂಲಮಾನ ಬೇರೆ ಅಷ್ಟೇ.

ಎರಡನೆಯದು: ನೀವು ಅಳೀತಿರೋದು ಯಾವುದನ್ನ?

ನಿಮ್ಮ ಫೋನಿನಿಂದ ಹೊರಟ ಮಾಹಿತಿ ಮೊದಲು ಗಾಳಿಯಲ್ಲಿ ರೂಟರ್ ತನಕ ಹೋಗಬೇಕು. ರೂಟರಿನಿಂದ ಕೂದಲೆಳೆಯಂಥ ಗಾಜಿನ ತಂತಿಯೊಳಗೆ, ಅದೇ ಫೈಬರ್, ಬೆಳಕಾಗಿ ಕಂಬದಿಂದ ಕಂಬಕ್ಕೆ ಹೋಗಬೇಕು. ಅಲ್ಲಿಂದ ಪೂರೈಕೆದಾರರ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೋ ಮುಂಬೈಗೋ, ಅಲ್ಲಿಂದ ಮುಂದೆ ಪ್ರಪಂಚಕ್ಕೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇಕ್ಕಟ್ಟು ಆಗಬಹುದು. ಮನೆಯ ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದರೆ ಬರುವ ಸಂಖ್ಯೆ ಇಡೀ ದಾರಿಯದ್ದು. ಅದರಲ್ಲಿ ನಿಮ್ಮ ಮನೆ ಗೋಡೆಯ ಪಾಲೆಷ್ಟು, ಕಂಪನಿಯ ಪಾಲೆಷ್ಟು ಅನ್ನೋದು ಗೊತ್ತಾಗಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದ್ರೆ ತೊಟ್ಟಿ ಖಾಲಿಯಾಗಿದೆಯೋ, ಪೈಪ್ ಕಟ್ಟಿದೆಯೋ ನೋಡೋದಿಲ್ವಾ? ಹಾಗೆ.

ಆದ್ದರಿಂದ ಮೊದಲ ನಿಯಮ, ವೈಫೈ ಬಿಡಿ, ವೈರ್ ಹಾಕಿ. ಲ್ಯಾಪ್‌ಟಾಪನ್ನ ರೂಟರಿನ ಹತ್ತಿರ ತನ್ನಿ, ಲ್ಯಾನ್ ಕೇಬಲ್ಲಿನಿಂದ ನೇರ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಆಮೇಲೆ ಅಳೆಯಿರಿ. ಈಗ ಬರುವ ಸಂಖ್ಯೆಯಲ್ಲಿ ನಿಮ್ಮ ಗೋಡೆಯ ಪಾಲು ಇಲ್ಲ. ಕಂಪನಿಯವರು "ನಿಮ್ಮ ವೈಫೈ ಸರಿ ಇಲ್ಲ" ಅನ್ನೋಕೆ ದಾರಿಯೂ ಇಲ್ಲ.

ಆದ್ರೆ ವೈರಿನಲ್ಲೂ ಒಂದು ಮರೆಯ ಗಂಟಿದೆ. ಹಳೇ ರೂಟರ್, ಹಳೇ ಲ್ಯಾಪ್‌ಟಾಪುಗಳ ಕೇಬಲ್ ಕಿಂಡಿ 100 ಎಂಬಿಪಿಎಸ್‌ಗಿಂತ ಹೆಚ್ಚು ಬಿಡೋದಿಲ್ಲ. ಕೇಬಲ್ಲಿನ ಒಳಗಿನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದ್ದರೂ ಬಹಳ ಸಲ ವೇಗ ನೂರಕ್ಕೇ ಇಳಿಯುತ್ತೆ. ಆ ನೂರರಲ್ಲೂ ವಿಳಾಸ ಬರೆಯೋಕೆ, ತಪ್ಪು ತಿದ್ದೋಕೆ ಅಂತ ಒಂದು ಪಾಲು ಹೋಗಿ ಟೆಸ್ಟಿನಲ್ಲಿ ಕಾಣೋದು 94, 95. ನೀವು 300ರ ಪ್ಲಾನ್ ತಗೊಂಡು ಪ್ರತಿ ಸಲವೂ 94 ಬರ್ತಾ ಇದ್ರೆ ಕಂಪನಿಗೆ ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ. ವಿಂಡೋಸ್ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ 100 ಅಂತಿದೆಯೋ 1000 ಅಂತಿದೆಯೋ ಕಾಣುತ್ತೆ. ಅದೇ ನೂರರ ಪ್ಲಾನಿನವರಿಗೆ 94 ಬಂತಾ? ಪೂರ್ತಿ ಬಂದಿದೆ, ಖುಷಿಪಡಿ.

ಎರಡನೇ ನಿಯಮ, ಅಳೆಯುವಾಗ ಮನೆಯ ಉಳಿದ ನಲ್ಲಿಗಳನ್ನೆಲ್ಲ ಬಂದ್ ಮಾಡಿ. ಹಾಲಿನಲ್ಲಿ ಸ್ಮಾರ್ಟ್ ಟೀವಿ ಓಡ್ತಾ ಇರುತ್ತೆ, ಮಗಳ ಫೋನ್ ಮದುವೆಮನೆಯ ಐನೂರು ಫೋಟೋಗಳನ್ನ ತಂತಾನೆ ಕ್ಲೌಡಿಗೆ ಏರಿಸ್ತಾ ಇರುತ್ತೆ, ಗೇಟಿನ ಸಿಸಿ ಕ್ಯಾಮೆರಾ ಹಗಲು ರಾತ್ರಿ ವಿಡಿಯೊ ಕಳಿಸ್ತಾ ಇರುತ್ತೆ. ಇವೆಲ್ಲ ನಿಮ್ಮ ನೂರರಲ್ಲೇ ಪಾಲು ತಗೊಳ್ಳೋದು. ಆಫೀಸಿನ ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ. ಇಲ್ಲದಿದ್ದರೆ ನೀವು ಅಳೆಯೋದು ನಿಮ್ಮ ಆಫೀಸಿನ ಸರ್ವರಿನ ದಾರಿಯನ್ನ.

ಮೂರನೇ ನಿಯಮ, ಒಂದು ಸಲದ ಅಳತೆ ಅಳತೆ ಅಲ್ಲ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಅಳೆಯಿರಿ. ಒಂದು ವಾರ ಬರೆದಿಡಿ. ಯಾಕೆ ಗೊತ್ತಾ? ಹೆಚ್ಚಿನ ಫೈಬರ್ ಜಾಲಗಳಲ್ಲಿ ಕೇಂದ್ರದಿಂದ ಬರುವ ಒಂದು ಎಳೆಯನ್ನ ದಾರಿಯಲ್ಲಿ ಒಡೆದು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಬಹಳ ಕಡೆ ಬಳಕೆಯಲ್ಲಿರುವ ಜಿಪಾನ್ ಅನ್ನುವ ತಂತ್ರದಲ್ಲಿ ಆ ಒಂದು ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2,500 ಎಂಬಿಪಿಎಸ್. 64 ಮನೆಗೆ ತಲಾ ನೂರು ಅಂದ್ರೆ 6,400 ಆಯ್ತು. ಇರೋದು 2,500. ಇದರಲ್ಲೇ ಮೋಸ ಇದೆ ಅಂತ ನಾನು ಹೇಳೋದಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ಬಳಸೋದಿಲ್ಲ ಅನ್ನೋ ಲೆಕ್ಕದ ಮೇಲೆ ಇಡೀ ಪ್ರಪಂಚದಲ್ಲಿ ನಡೀತಿರೋದು ಹೀಗೇ. ಆದ್ರೆ ಕೇಂದ್ರದಿಂದ ಹೊರಪ್ರಪಂಚಕ್ಕೆ ಇರುವ ದೊಡ್ಡ ಪೈಪನ್ನ ದೊಡ್ಡದು ಮಾಡದೆ ಗಿರಾಕಿಗಳನ್ನ ಮಾತ್ರ ಸೇರಿಸ್ತಾ ಹೋದ್ರೆ? ಬೆಳಗ್ಗೆ ಆರಕ್ಕೆ ಖಾಲಿ ಬಸ್ಸು, ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ನೇತಾಡುವ ಜನ.

ಬರೆದಿಟ್ಟ ಸಂಖ್ಯೆಗಳನ್ನ ಏನು ಮಾಡೋದು? ಸರಾಸರಿ ತೆಗೀಬೇಡಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವೆ ನಿಂತದ್ದನ್ನ ಹಿಡಿಯಿರಿ. ಹಳದೀಪುರದ ಆ ಮನೆಯ ಏಳು ರಾತ್ರಿಗಳ ಸಂಖ್ಯೆ ಹೀಗಿತ್ತು: 27, 29, 30, 31, 34, 38, 61. ಸರಾಸರಿ ತೆಗೆದರೆ ಸುಮಾರು 36. ಆದ್ರೆ ಅದು ಒಂದೇ ಒಂದು ಒಳ್ಳೇ ರಾತ್ರಿ ಮೇಲೆತ್ತಿದ ಸಂಖ್ಯೆ. ನಡುವಿನದು 31. ಆ ಮನೆಯವರು ದಿನಾ ಅನುಭವಿಸೋದು ಆ ಮೂವತ್ತೊಂದನ್ನ.

ನಾಲ್ಕನೇ ನಿಯಮ, ತಕ್ಕಡಿ ಯಾರದ್ದು ನೋಡಿ. ಸ್ಪೀಡ್ ಟೆಸ್ಟ್ ಅಂದ್ರೆ ನಿಮ್ಮ ಯಂತ್ರ ಎಲ್ಲೋ ಇರುವ ಒಂದು ಸರ್ವರಿನಿಂದ ಒಂದಷ್ಟು ಮಾಹಿತಿ ಎಳೆದು, ಒಂದಷ್ಟು ತಳ್ಳಿ, ಹಿಡಿದ ಸಮಯ ಲೆಕ್ಕ ಹಾಕೋದು. ಆ ಸರ್ವರ್ ಎಲ್ಲಿದೆ ಅನ್ನೋದೇ ಮುಖ್ಯ. 2006ರಿಂದ ಇರುವ, ಹೆಚ್ಚು ಜನ ಬಳಸುವ ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್ ತಾನಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತೆ. ಬಹಳ ಸಲ ಅದು ನಿಮ್ಮ ಪೂರೈಕೆದಾರರೇ ಇಟ್ಟಿರುವ ಸರ್ವರ್ ಆಗಿರುತ್ತೆ. ಆಗ ಅಳತೆ ಅವರ ಅಂಗಳದೊಳಗೇ ಮುಗಿದುಹೋಯ್ತು. ನಿಮಗೆ ಬೇಕಾದ ಯೂಟ್ಯೂಬ್, ಆಫೀಸಿನ ಮೀಟಿಂಗ್, ಮಗನ ಆನ್‌ಲೈನ್ ಕ್ಲಾಸ್ ಇರೋದು ಆ ಅಂಗಳದ ಆಚೆ. ಹಾಗಾಗಿ ಸರ್ವರ್ ಪಟ್ಟಿ ತೆಗೆದು ಬೇರೆ ಸಂಸ್ಥೆಯ, ಬೆಂಗಳೂರಿನ ಒಂದು, ಮುಂಬೈಯ ಒಂದು ಆರಿಸಿ ಮತ್ತೆ ಅಳೆಯಿರಿ.

ಒಂದೇ ತಕ್ಕಡಿಯನ್ನೂ ನಂಬಬೇಡಿ. ನೆಟ್‌ಫ್ಲಿಕ್ಸಿನವರು 2016ರಲ್ಲಿ ತೆರೆದ ಫಾಸ್ಟ್ ಡಾಟ್ ಕಾಮ್ ತಮ್ಮ ಸಿನಿಮಾ ಬರುವ ಸರ್ವರುಗಳಿಂದಲೇ ಅಳೆಯುತ್ತೆ. ಕ್ಲೌಡ್‌ಫ್ಲೇರಿನದ್ದು ಇನ್ನೊಂದಿದೆ. ಎಂ-ಲ್ಯಾಬ್ ಅನ್ನುವ ಸಾರ್ವಜನಿಕ ಯೋಜನೆಯದ್ದು ಮತ್ತೊಂದು. ಮೊಬೈಲ್ ಡೇಟಾಕ್ಕೆ ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, 2016ರಲ್ಲಿ ತಂದ ಮೈಸ್ಪೀಡ್ ಆ್ಯಪ್ ಇದೆ. ಕಂಪನಿಯ ಸರ್ವರಿನಲ್ಲಿ 95, ಉಳಿದ ಮೂರರಲ್ಲಿ 30 ಬಂದ್ರೆ ರೋಗ ಎಲ್ಲಿದೆ ಅಂತ ಹೇಳೋಕೆ ವೈದ್ಯರು ಬೇಕಾಗಿಲ್ಲ. ಒಂದು ಎಚ್ಚರಿಕೆ: ಟೆಸ್ಟೂ ಡೇಟಾ ತಿನ್ನುತ್ತೆ. 100 ಎಂಬಿಪಿಎಸ್ ಸಂಪರ್ಕದಲ್ಲಿ ಹತ್ತು ಸೆಕೆಂಡ್ ಎಳೆದರೆ 125 ಎಂಬಿ ಹೋಯ್ತು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇರುವವರು ಮೇಲಿಂದ ಮೇಲೆ ಒತ್ತಬೇಡಿ.

ಈಗ ಬಹಳ ಜನ ನೋಡದೇ ಬಿಡುವ ಮೂರು ಸಂಖ್ಯೆಗಳ ಬಗ್ಗೆ. ಡೌನ್‌ಲೋಡ್ ಕೆಳಗೆ ಸಣ್ಣದಾಗಿ ಬರುತ್ತಲ್ಲ, ಅಪ್‌ಲೋಡ್, ಪಿಂಗ್, ಜಿಟ್ಟರ್.

ರಾತ್ರಿಯ ನಮ್ಮ ಚರ್ಚೆಯಲ್ಲಿ ನೀವು ನೋಡಿರ್ತೀರಿ. ಅತಿಥಿಗಳು ಮನೆಯಿಂದ ಕೂತು ಮಾತಾಡ್ತಾ ಇರ್ತಾರೆ, ಮುಖ್ಯವಾದ ಮಾತಿಗೆ ಬರುವ ಹೊತ್ತಿಗೆ ಬಾಯಿ ತೆರೆದಲ್ಲೇ ನಿಂತುಬಿಡ್ತಾರೆ. ನಾನು "ಸರ್, ನಿಮ್ಮ ಧ್ವನಿ ಬರ್ತಿಲ್ಲ" ಅಂತೀನಿ. ಆಮೇಲೆ ಅವರು ಫೋನ್ ಮಾಡಿ, "ನಮ್ಮಲ್ಲಿ ನೂರರ ಕನೆಕ್ಷನ್ ಇದೆ ಸ್ವಾಮಿ, ನಿಮ್ಮ ಸ್ಟುಡಿಯೋದೇ ಪ್ರಾಬ್ಲಂ" ಅಂತಾರೆ. ನೂರು ಇರೋದು ಡೌನ್‌ಲೋಡ್, ಅಂದ್ರೆ ನಾವು ಅವರಿಗೆ ಕಾಣೋದು. ಅವರು ನಮಗೆ ಕಾಣಬೇಕಾದ್ರೆ ಅಪ್‌ಲೋಡ್ ಬೇಕು. ಚೆನ್ನಾಗಿರುವ ವಿಡಿಯೊ ಕಾಲಿಗೆ ಮೂರ್ನಾಲ್ಕು ಎಂಬಿಪಿಎಸ್ ಅಪ್‌ಲೋಡ್ ಸಾಕು. ಆದ್ರೆ ಅದು ಕಡಿಯದೆ ಬರಬೇಕು.

ಪಿಂಗ್ ಅಂದ್ರೆ ನೀವು ಕೂಗಿದ್ದಕ್ಕೆ ಆ ಕಡೆಯಿಂದ "ಓ" ಅಂತ ಬರೋಕೆ ಹಿಡಿಯುವ ಹೊತ್ತು. ಮಿಲಿಸೆಕೆಂಡಿನಲ್ಲಿ ಹೇಳ್ತಾರೆ, ಸೆಕೆಂಡಿನ ಸಾವಿರದ ಒಂದು ಪಾಲು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ. ಹಳದೀಪುರದಿಂದ ಬೆಂಗಳೂರಿಗೆ ಸುಮಾರು 450 ಕಿಲೋಮೀಟರ್ ಅಂತ ಹಿಡಿದರೆ ಹೋಗಿಬರೋಕೆ ಐದು ಮಿಲಿಸೆಕೆಂಡೂ ಬೇಡ. ದಾರಿ ಸುತ್ತಿ, ಯಂತ್ರಗಳಲ್ಲಿ ನಿಂತು ಬಂದರೂ ಹತ್ತಿಪ್ಪತ್ತರಲ್ಲಿ ಉತ್ತರ ಬರಬೇಕು. ಜಿಟ್ಟರ್ ಅಂದ್ರೆ ಆ ಉತ್ತರ ಒಂದು ಸಲ ಹದಿನೈದಕ್ಕೆ, ಇನ್ನೊಂದು ಸಲ ನೂರೈವತ್ತಕ್ಕೆ ಬರುವ ಏರುಪೇರು. ಸಿನಿಮಾಕ್ಕೆ ಇದರಿಂದ ತೊಂದರೆ ಇಲ್ಲ, ಅದು ಮುಂಚೆಯೇ ಒಂದಷ್ಟು ತುಂಬಿಟ್ಟುಕೊಂಡಿರುತ್ತೆ. ಮಾತಿಗೆ ಮಾತ್ರ ತೊಂದರೆ. ಮಾತನ್ನ ಮುಂಚೆಯೇ ತುಂಬಿಡೋಕಾಗಲ್ಲವಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಲೈನು ಖಾಲಿ ಇದ್ದಾಗ ಪಿಂಗ್ 15 ಇರುತ್ತೆ. ಯಾರೋ ದೊಡ್ಡ ಫೈಲ್ ಕಳಿಸೋಕೆ ಶುರುಮಾಡಿದ ಕೂಡಲೇ 300, 400ಕ್ಕೆ ಏರುತ್ತೆ. ರೂಟರ್ ತನ್ನೊಳಗೆ ಉದ್ದದ ಕ್ಯೂ ಕಟ್ಟಿ ನಿಲ್ಲಿಸಿರುತ್ತೆ, ನಿಮ್ಮ ಮಾತು ಆ ಕ್ಯೂನ ಕೊನೆಗೆ ಸೇರಿಕೊಳ್ಳುತ್ತೆ. ಕ್ಲೌಡ್‌ಫ್ಲೇರ್, ಫಾಸ್ಟ್, ಊಕ್ಲಾ ಮೂರೂ ಈಗ ಹೊರೆ ಇದ್ದಾಗಿನ ಪಿಂಗನ್ನ ಬೇರೆಯಾಗಿ ತೋರಿಸುತ್ತವೆ. ಅದನ್ನ ನೋಡಿ. ಮನೆಯಲ್ಲಿ ಮೀಟಿಂಗ್ ಇರುವವರಿಗೆ ಡೌನ್‌ಲೋಡಿಗಿಂತ ದೊಡ್ಡ ಸಂಖ್ಯೆ ಅದೇ.

ಸರಿ, ಹಳದೀಪುರದ ಮನೆಯಲ್ಲಿ ಏನಾಯ್ತು? ಪ್ಲಾನ್ ನೂರರದ್ದು. ವೈರ್ ಹಾಕಿ ಬೆಳಗ್ಗೆ ಅಳೆದಾಗ 94. ರಾತ್ರಿ 31. ಮಗ ಕೂತು ಕೆಲಸ ಮಾಡುವ ಹಿಂದಿನ ಕೋಣೆಯಲ್ಲಿ ವೈಫೈ ಮೇಲೆ ಬೆಳಗ್ಗೆ 12, ರಾತ್ರಿ 9.

ಈಗ ಓದಿ ಆ ಸಂಖ್ಯೆಗಳನ್ನ. ಬೆಳಗ್ಗೆ ಕಂಪನಿ ಪೂರ್ತಿ ಕೊಡ್ತಾ ಇದೆ, 94. ಅದರಲ್ಲಿ 82 ರೂಟರಿಗೂ ಹಿಂದಿನ ಕೋಣೆಗೂ ನಡುವೆ ಕಳೆದುಹೋಗ್ತಾ ಇದೆ. ಯಾಕಂದ್ರೆ ರೂಟರ್ ಇದ್ದದ್ದು ಎದುರಿನ ಜಗಲಿಯ ಮೂಲೆಯಲ್ಲಿ, ಕರೆಂಟ್ ಮೀಟರಿನ ಪಕ್ಕ. ಜಗಲಿಗೂ ಹಿಂದಿನ ಕೋಣೆಗೂ ನಡುವೆ ಮೂರು ದಪ್ಪ ಚಿರೆಕಲ್ಲಿನ ಗೋಡೆ, ಒಂದು ಕಬ್ಬಿಣದ ಕಪಾಟು. ವೈಫೈ ರೂಟರುಗಳು ಸಾಮಾನ್ಯವಾಗಿ ಎರಡು ಅಲೆಗಳಲ್ಲಿ ಮಾತಾಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದ್ದು ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗೋಡೆ ದಾಟುತ್ತೆ, ಆದ್ರೆ ವೇಗ ಕಡಿಮೆ, ಅಕ್ಕಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಅಲೆಯಲ್ಲಿ ಗಲಾಟೆ ಮಾಡ್ತಾ ಇರುತ್ತವೆ. ನಮ್ಮ ಕರಾವಳಿಯ ಮನೆಗಳಲ್ಲಿ ಆ ದಪ್ಪ ಗೋಡೆ ಬೇಸಿಗೆಗೆ ತಂಪು, ವೈಫೈಗೆ ಶತ್ರು.

ಅಂದ್ರೆ ಕಂಪನಿ ಹೇಳಿದ್ದೂ ಖರೆ, ಮಗ ಹೇಳಿದ್ದೂ ಖರೆ. ಹಗಲಿನ ಕಳ್ಳ ಮನೆಯೊಳಗಿದ್ದ. ರಾತ್ರಿ 94 ಇದ್ದದ್ದು 31 ಆಗ್ತಿತ್ತಲ್ಲ, ಆ ಕಳ್ಳ ಹೊರಗಿದ್ದ. ಅಳೆಯದೇ ಜಗಳ ಮಾಡಿದ್ದರೆ ವರ್ಷವಿಡೀ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಾ ಕೂತಿರುತ್ತಿದ್ದರು.

ಮನೆಯ ಕಳ್ಳನನ್ನ ಹಿಡಿಯೋದು ಸುಲಭ. ರೂಟರನ್ನ ನಡುಮನೆಗೆ ತಂದು ಎತ್ತರದಲ್ಲಿಟ್ಟರು. ಹಿಂದಿನ ಕೋಣೆಗೆ ಹದಿನೈದು ಮೀಟರ್ ಕೇಬಲ್ ಎಳೆದರು. ಅದಕ್ಕೆ ಖರ್ಚಾದದ್ದು ಒಂದು ತಿಂಗಳ ಬಿಲ್ಲಿಗಿಂತ ಕಡಿಮೆ. ರಾತ್ರಿ ಮೀಟಿಂಗ್ ಹೊತ್ತಿಗೆ ಫೋನುಗಳ ಫೋಟೋ ಬ್ಯಾಕಪ್ ನಿಲ್ಲಿಸಿದರು. ಇಷ್ಟಕ್ಕೇ ಮಾತು ತುಂಡಾಗೋದು ಅರ್ಧ ಕಡಿಮೆಯಾಯ್ತು. ಆಮೇಲೆ ಏಳು ರಾತ್ರಿಯ ಪಟ್ಟಿ, ಸ್ಕ್ರೀನ್‌ಶಾಟು, ಯಾವ ಸರ್ವರ್, ಎಷ್ಟು ಗಂಟೆ, ವೈರಿನಲ್ಲಿ ಅಳೆದದ್ದು ಅನ್ನೋ ವಿವರ ಇಟ್ಟು ಲಿಖಿತ ದೂರು ಕೊಟ್ಟರು. ಮೊದಲು ಫೋನಿನಲ್ಲಿ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತಿದ್ದವರು ಈ ಸಲ ಹಾಗನ್ನಲಿಲ್ಲ. ಮೂರನೇ ವಾರ ತಂತ್ರಜ್ಞರು ಬಂದು ಲೈನನ್ನ ಬೇರೆ ಕಡೆ ಜೋಡಿಸಿಕೊಟ್ಟರು. ರಾತ್ರಿಯ ಅಳತೆ ಎಪ್ಪತ್ತು ದಾಟಿತು. ನೂರಾಗಲಿಲ್ಲ. ಆದ್ರೆ ಮಗ ಇನ್ನೂ ಹಳದೀಪುರದಲ್ಲೇ ಇದ್ದಾರೆ.

ಮಳೆಗಾಲದ ಮಾತನ್ನೂ ಹೇಳಿಬಿಡ್ತೀನಿ, ಉತ್ತರ ಕನ್ನಡದವರು ಅದನ್ನ ಕೇಳೇ ಕೇಳ್ತಾರೆ. ಗಾಜಿನೊಳಗಿನ ಬೆಳಕಿಗೆ ಮಳೆ ತಾಗೋದಿಲ್ಲ. ತೊಂದರೆ ಆಗೋದು ಕಂಬದ ಮೇಲಿನ ಜೋಡಣೆ ಪೆಟ್ಟಿಗೆಗೆ ನೀರು ಹೋದಾಗ, ತೆಂಗಿನ ಮಡಲು ಬಿದ್ದು ಕೇಬಲ್ ಬಾಗಿದಾಗ, ರಸ್ತೆ ಕೆಲಸದ ಜೆಸಿಬಿ ಹಲ್ಲಿಗೆ ಸಿಕ್ಕಾಗ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದರೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ರೂಟರ್ ಆಫ್-ಆನ್ ಮಾಡಿ ಪ್ರಯೋಜನ ಇಲ್ಲ, ನೇರ ದೂರು ಕೊಡಿ. ದೀಪ ಹಸಿರಿದ್ದೂ ನೆಟ್ ಕುಂಟುತ್ತಿದ್ದರೆ ಬಂದ ತಂತ್ರಜ್ಞರನ್ನ ಒಂದು ಪ್ರಶ್ನೆ ಕೇಳಿ: "ಪವರ್ ಎಷ್ಟು ಬರ್ತಿದೆ?" ಅವರು ಮೈನಸ್ ಲೆಕ್ಕದಲ್ಲಿ ಡಿಬಿಎಂ ಅಂತ ಹೇಳ್ತಾರೆ. ಮೈನಸ್ 20ರ ಆಸುಪಾಸು ಚೆನ್ನಾಗಿದೆ. ಮೈನಸ್ 27 ದಾಟಿದರೆ ಬೆಳಕು ತೀರಾ ಮಂಕು. ಹತ್ತು ಅಂಕಿ ಕೆಳಗಿಳಿದರೆ ಬೆಳಕು ಹತ್ತನೇ ಒಂದು ಪಾಲು ಆಯ್ತು ಅಂತ ಲೆಕ್ಕ. ಈ ಒಂದು ಪ್ರಶ್ನೆ ಕೇಳಿ ನೋಡಿ, ಅವರು ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತೆ.

ಇನ್ನು "ನಿಧಾನ ಆಗ್ತಿದ್ರೆ ದೊಡ್ಡ ಪ್ಲಾನಿಗೆ ಬನ್ನಿ" ಅನ್ನುವ ಸಲಹೆ. ಫುಲ್ ಎಚ್‌ಡಿ ಸಿನಿಮಾಕ್ಕೆ ನೆಟ್‌ಫ್ಲಿಕ್ಸಿನವರೇ ಹೇಳೋದು 5 ಎಂಬಿಪಿಎಸ್ ಸಾಕು ಅಂತ. ಫೋರ್ ಕೆಗೆ 15. ಗೋಡೆಯಲ್ಲಿ ನಿಂತುಹೋಗ್ತಿರುವ ವೇಗಕ್ಕೆ 300ರ ಪ್ಲಾನ್ ತಗೊಂಡರೆ ಹಿಂದಿನ ಕೋಣೆಗೆ ಬರೋದು ಮತ್ತೆ ಅದೇ ಹನ್ನೆರಡು. ಅಳೆಯದೆ ದುಡ್ಡು ಸುರಿಯಬೇಡಿ.

ಕಾನೂನು ಏನು ಹೇಳುತ್ತೆ? 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನ ಬ್ರಾಡ್‌ಬ್ಯಾಂಡ್ ಅಂತ ಕರೆದರು. ಆಮೇಲೆ ಅದು 512 ಆಯ್ತು. 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್. ಗಮನಿಸಿ, ನೂರರ ಜಾಹೀರಾತಿನ ಕಾಲದಲ್ಲಿ "ಬ್ರಾಡ್‌ಬ್ಯಾಂಡ್" ಅನ್ನುವ ಹೆಸರಿಗೆ ಕಾಗದದ ಮೇಲೆ ಬೇಕಾದದ್ದು ಎರಡೇ ಎರಡು. ಹಾಗಾಗಿ ನಿಮ್ಮ ಕೈಯ ಲೆಕ್ಕವೇ ನಿಮ್ಮ ಬಲ.

ದೂರಿಗೆ ಮೆಟ್ಟಿಲುಗಳಿವೆ. ಮೊದಲು ಕಂಪನಿಯ ದೂರು ಕೇಂದ್ರ. ಅಲ್ಲಿ ಡಾಕೆಟ್ ನಂಬರ್ ತಗೊಳ್ಳದೆ ಫೋನ್ ಇಡಬೇಡಿ, ನಂಬರ್ ಇಲ್ಲದ ದೂರು ದೂರೇ ಅಲ್ಲ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಅಂತ ಇರುತ್ತೆ. ಟ್ರಾಯ್‌ನ 2012ರ ನಿಯಮದ ಪ್ರಕಾರ ಇದು ಇರಲೇಬೇಕು. ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ಅದಕ್ಕೂ ಮೇಲೆ ಗ್ರಾಹಕರ ಆಯೋಗ, ಉತ್ತರ ಕನ್ನಡದವರಿಗೆ ಕಾರವಾರದಲ್ಲಿದೆ. ಟೆಲಿಕಾಂ ದೂರುಗಳು ಗ್ರಾಹಕರ ವೇದಿಕೆಗೆ ಬರೋದಿಲ್ಲ ಅಂತ ಬಹಳ ದಿನ ವಾದ ನಡೆದಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆದೇ ಇದೆ ಅಂತ ಹೇಳಿತು. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಸಲಹೆ ಬೇಕಾದ್ರೆ ಗ್ರಾಹಕರ ಸಹಾಯವಾಣಿ 1915.

ಆದ್ರೆ ಎಲ್ಲ ಮೆಟ್ಟಿಲಲ್ಲೂ ಮೊದಲು ಕೇಳೋದು ಒಂದೇ: ಪುರಾವೆ ಎಲ್ಲಿ? "ನಿಧಾನ ಸ್ವಾಮಿ, ತುಂಬಾ ನಿಧಾನ" ಅನ್ನೋದು ಪುರಾವೆ ಅಲ್ಲ. ವೈರಿನಲ್ಲಿ ಅಳೆದ, ಹೊತ್ತು ಬರೆದ, ಏಳು ದಿನದ ಪಟ್ಟಿ ಪುರಾವೆ.

ನನಗೆ ಇದಕ್ಕಿಂತ ದೊಡ್ಡ ಆಸೆಯೂ ಒಂದಿದೆ. ಒಂದು ಮನೆ ಅಳೆದರೆ ಅದು ಒಂದು ಮನೆಯ ದೂರು. ಒಂದು ಕೇರಿಯ ಇಪ್ಪತ್ತು ಮನೆ ಒಂದೇ ವಾರ, ಒಂದೇ ಹೊತ್ತಿಗೆ, ಒಂದೇ ರೀತಿ ಅಳೆದು ಒಂದು ಹಾಳೆಯಲ್ಲಿ ಬರೆದರೆ? ಅದನ್ನ ಗ್ರಾಮಸಭೆಯ ಮುಂದಿಡಬಹುದು. ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಫೈಬರ್ ಎಳೆಯೋಕೆ ಅಂತ 2011ರಲ್ಲಿ ಒಪ್ಪಿಗೆ ಕೊಟ್ಟು, 2015ರಲ್ಲಿ ಭಾರತ್‌ನೆಟ್ ಅಂತ ಹೆಸರಿಟ್ಟರಲ್ಲ, ಆ ಫೈಬರಿನಲ್ಲಿ ನಮ್ಮ ಪಂಚಾಯಿತಿಗೆ ಬರ್ತಿರೋದೆಷ್ಟು ಅಂತಲೂ ಅದೇ ಸಭೆಯಲ್ಲಿ ಅಳೆಸಿ ನೋಡಬಹುದು. 2020ರಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡದ ಮೇಲೆ ಟಾರ್ಪಾಲಿನಡಿ ಕೂತು ಪಾಠ ಕೇಳಿದ ಮಕ್ಕಳನ್ನ ಈ ಜಿಲ್ಲೆ ಮರೆತಿಲ್ಲ.

ಇವತ್ತು ರಾತ್ರಿ ಈ ಕಾರ್ಯಕ್ರಮ ಮುಗಿದ ಮೇಲೆ ಟೀವಿ ಆಫ್ ಮಾಡಿ. ಮಕ್ಕಳ ಫೋನ್ ಪಕ್ಕಕ್ಕಿಡಿಸಿ. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ ಒಂದು ಸಲ ಅಳೆಯಿರಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೀತೀರಲ್ಲ, ಅದರ ಕೆಳಗೇ ಈ ಸಂಖ್ಯೆಯನ್ನೂ ಬರೆಯಿರಿ. ನಾಳೆಯೂ ಬರೆಯಿರಿ.

ಹಾಲಿನವನು ಅರ್ಧ ಲೀಟರ್ ಕಡಿಮೆ ಹಾಕಿದ ದಿನ ನಿಮಗೆ ಗೊತ್ತಾಗುತ್ತೆ. ಇದೂ ಗೊತ್ತಾಗಲಿ.